ಚಿಕ್ಕಮ್ಮನ ಮೇಜಿನ ಮೇಲೆ ಐದು ಕೊಬ್ಬು: ಕೀಲು ಊದಿದ ಮನೆಗೆ ಯಾವುದು ಸರಿ?

ಮಳೆ ಹಿಡಿದ ಮೇಲೆ ತೀರ್ಥಹಳ್ಳಿ ಕಡೆಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಬೆಳಗ್ಗೆ ಕಡುಬು. ಬೇಯಿಸಿದ ಹಿಟ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಒಡೆಯುತ್ತದೆ. ಚಿಕ್ಕಮ್ಮ ಎರಡು ಉಂಡೆ ಕಟ್ಟಿ ಕೈ ಬಿಟ್ಟರು. ಬೆರಳ ಗೆಣ್ಣುಗಳು ಊದಿ ಹೊಳೆಯುತ್ತಿದ್ದವು. ಮುಷ್ಟಿ ಹಿಡಿಯಲು ಆಗುತ್ತಿರಲಿಲ್ಲ. "ಹತ್ತು ಗಂಟೆ ಆಗ್ಬೇಕು ಮಾರಾಯ, ಆಮೇಲೆ ಕೈ ನಂದು ಅನ್ಸ್ತದೆ" ಅಂದರು. ಡಾಕ್ಟರು ಇದಕ್ಕೆ ರುಮಟಾಯ್ಡ್ ಸಂಧಿವಾತ ಅಂತ ಹೆಸರಿಟ್ಟು, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟಿದ್ದಾರೆ. ದೇಹದ ಕಾವಲು ಕೋಶಗಳೇ ದಾರಿ ತಪ್ಪಿ ಕೀಲಿನ ಒಳಪದರದ ಮೇಲೆ ಬೀಳುವ ಕಾಯಿಲೆ ಇದು.

ಉಂಡೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಕಡುಬು ಬೇಯುವಷ್ಟರಲ್ಲಿ ಚಿಕ್ಕಮ್ಮ ಊಟದ ಮೇಜಿನ ಮೇಲೆ ಒಂದು ಪ್ರದರ್ಶನ ಇಟ್ಟರು. ಸೂರ್ಯಕಾಂತಿ ಎಣ್ಣೆಯ ಕ್ಯಾನು. ತೆಂಗಿನೆಣ್ಣೆ ಬಾಟಲಿ. ಪಕ್ಕದ ಮನೆಯವರು ಕೊಟ್ಟ ಅಗಸೆ ಬೀಜದ ಪೊಟ್ಟಣ. ಬೆಂಗಳೂರಿಂದ ಮಗ ಕಳಿಸಿದ ಮೀನೆಣ್ಣೆ ಮಾತ್ರೆಯ ಡಬ್ಬಿ. ಭರಣಿಯಲ್ಲಿ ತುಪ್ಪ. ಒಂದೊಂದಕ್ಕೂ ಒಬ್ಬೊಬ್ಬ ವಕೀಲ. ಸೂರ್ಯಕಾಂತಿಯಿಂದಲೇ ಉರಿಯೂತ ಅಂತ ವಾಟ್ಸಾಪ್. ತೆಂಗಿನೆಣ್ಣೆ ಕುಡಿದರೆ ಇಮ್ಯುನಿಟಿ ಅಂತ ಇನ್ನೊಂದು ವಾಟ್ಸಾಪ್. "ಇದ್ರಗೆ ಯಾವ್ದು ಇಟ್ಕಳದು, ಯಾವ್ದು ಬಿಸಾಕದು? ಕಾಲೇಜಲ್ಲಿ ಇದನ್ನೇ ಅಲ್ವಾ ನೀನು ಪಾಠ ಮಾಡದು?"

ಹೌದು, ಪಾಠ ಮಾಡೋದು ಇದನ್ನೇ. ಆದರೆ ಬೋರ್ಡಿನ ಮೇಲೆ ಬರೆಯೋದಕ್ಕೂ ಚಿಕ್ಕಮ್ಮನಿಗೆ ಉತ್ತರ ಹೇಳೋದಕ್ಕೂ ತುಂಬಾ ಅಂತರ ಇದೆ. ಅವತ್ತು ತಡವರಿಸಿಕೊಂಡು ಹೇಳಿದ್ದನ್ನು ಇಲ್ಲಿ ಸ್ವಲ್ಪ ನೆಟ್ಟಗೆ ಬರೆದಿದ್ದೇನೆ.

ಕೂಗು ಹಾಕುವ ಕೊಬ್ಬು

ಕೊಬ್ಬು ಅಂದರೆ ಸೊಂಟದ ಸುತ್ತ ಕೂರುವ ಸಾಮಾನು ಅಂತ ನಮ್ಮ ತಲೆಯಲ್ಲಿದೆ. ಅದರ ಇನ್ನೊಂದು ಕೆಲಸ ನಮಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮ ಪ್ರತಿ ಕೋಶದ ಸುತ್ತ ಇರುವ ಪೊರೆ ಕೊಬ್ಬಿನದೇ. ಬಿಳಿ ರಕ್ತಕಣಗಳಿಗೆ ಈ ಪೊರೆ ಬರೀ ಬೇಲಿಯಲ್ಲ, ಉಗ್ರಾಣವೂ ಹೌದು. ಗಾಯವಾಯಿತು, ಬ್ಯಾಕ್ಟೀರಿಯಾ ಬಂತು ಅಂತ ಗೊತ್ತಾದ ಕೂಡಲೇ ಒಂದು ಕಿಣ್ವ ಪೊರೆಯಿಂದ ಒಂದು ಕೊಬ್ಬಿನಾಮ್ಲವನ್ನು, ಅಂದರೆ ಕೊಬ್ಬಿನ ಒಂದು ಸರಪಳಿ ತುಂಡನ್ನು, ಕತ್ತರಿಸಿ ಒಳಗೆ ಬೀಳಿಸುತ್ತದೆ. ಬೇರೆ ಕಿಣ್ವಗಳು ಅದನ್ನು ಮಡಚಿ, ಆಮ್ಲಜನಕ ಸೇರಿಸಿ, ಒಂದು ಸಂದೇಶವನ್ನಾಗಿ ಮಾಡಿ ಹೊರಗೆ ಬಿಡುತ್ತವೆ.

ನಮ್ಮ ಕಡೆ ಮನೆಗಳು ದೂರ ದೂರ. ಗದ್ದೆಗೆ ಹಂದಿ ನುಗ್ಗಿದರೆ ಒಬ್ಬ ಅಂಗಳದಲ್ಲಿ ನಿಂತು 'ಕೂ' ಹಾಕುತ್ತಾನೆ, ಆಚೆ ದಿಬ್ಬದವನು ದೊಣ್ಣೆ ಹಿಡಿದು ಬರುತ್ತಾನೆ. ಆ ಕೂಗು ಶಿವಮೊಗ್ಗದವರೆಗೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಈ ಕೊಬ್ಬಿನ ಸಂದೇಶಗಳೂ ಹಾಗೇ. ಹಾರ್ಮೋನಿನ ಹಾಗೆ ಊರೆಲ್ಲ ತಿರುಗುವುದಿಲ್ಲ. ಹುಟ್ಟಿದ ಜಾಗದ ಆಸುಪಾಸಿನಲ್ಲೇ ಕೆಲಸ ಮುಗಿಸಿ ಬೇಗ ಒಡೆದುಹೋಗುತ್ತವೆ.

ಮುಖ್ಯ ಕೂಗುಗಾರ ಅರಾಕಿಡೋನಿಕ್ ಆಮ್ಲ. ಕೊಬ್ಬಿನಾಮ್ಲಗಳಲ್ಲಿ ಒಮೆಗಾ-3, ಒಮೆಗಾ-6 ಅಂತ ಕುಟುಂಬಗಳಿವೆ. ಇದು ಒಮೆಗಾ-6 ಕುಟುಂಬದ್ದು, 20 ಇಂಗಾಲದ ಸರಪಳಿ. ಇದು ಕಾಕ್ಸ್ ಎಂಬ ಕಿಣ್ವದ ಕೈಗೆ ಸಿಕ್ಕರೆ ಪ್ರೊಸ್ಟಾಗ್ಲಾಂಡಿನ್ ಆಗುತ್ತದೆ. ರಕ್ತನಾಳ ಹಿಗ್ಗುವುದು, ಮುಟ್ಟಿದರೆ ನೋಯುವುದು, ಜ್ವರ ಏರುವುದು, ಇವುಗಳ ಹಿಂದೆ ಇದರ ಕೈ ಇದೆ. ಲಾಕ್ಸ್ ಎಂಬ ಕಿಣ್ವದ ಕೈಗೆ ಸಿಕ್ಕರೆ ಲ್ಯೂಕೋಟ್ರೈನ್ ಆಗುತ್ತದೆ. ಅದರಲ್ಲಿ ಒಂದು, ಮೊದಲು ಓಡಿಬರುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳನ್ನು ಹಿಂಡು ಹಿಂಡಾಗಿ ಕರೆದು ತರುತ್ತದೆ. ಚಿಕ್ಕಮ್ಮನ ಗೆಣ್ಣು ಹೊಳೆಯುತ್ತಿತ್ತಲ್ಲ, ಅಲ್ಲಿ ಈ ಎರಡೂ ಕೂಗು ಜೋರಾಗಿ ನಡೆದಿದೆ.

ಪ್ರೊಸ್ಟಾಗ್ಲಾಂಡಿನ್‌ಗೆ ಆ ಹೆಸರು ಇಟ್ಟದ್ದು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್, 1930ರ ದಶಕದಲ್ಲಿ. ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆ ಅಂದುಕೊಂಡಿದ್ದರು. ಊಹೆ ತಪ್ಪಾಯಿತು, ಹೆಸರು ಮಾತ್ರ ಉಳಿಯಿತು. 1971ರಲ್ಲಿ ಜಾನ್ ವೇನ್, ಆಸ್ಪಿರಿನ್ ನೋವು ಇಳಿಸುವುದು ಈ ಪ್ರೊಸ್ಟಾಗ್ಲಾಂಡಿನ್ ತಯಾರಿಗೆ ಅಡ್ಡ ಹಾಕಿ ಅಂತ ತೋರಿಸಿದರು. ಅವರಿಗೂ ಇದೇ ಸಂದೇಶಗಳ ಮೇಲೆ ಕೆಲಸ ಮಾಡಿದ ಬರ್ಗ್‌ಸ್ಟ್ರಾಮ್, ಸ್ಯಾಮುಯೆಲ್‌ಸನ್ ಇಬ್ಬರಿಗೂ ಸೇರಿ 1982ರ ನೊಬೆಲ್ ಬಂತು.

ಇಲ್ಲಿಯವರೆಗೆ ಒಮೆಗಾ-6 ಖಳನಾಯಕ ಅನ್ನಿಸಬಹುದು. ತಡೆಯಿರಿ. ಹಂದಿ ಬಂದಾಗ ಕೂಗು ಹಾಕದಿದ್ದರೆ ಗದ್ದೆಯೇ ಇರಲ್ಲ. ಅದೇ ಪ್ರೊಸ್ಟಾಗ್ಲಾಂಡಿನ್, ಕೆಲಸ ಮುಗಿಯುತ್ತಾ ಬಂದಾಗ, "ಸಾಕು, ಇನ್ನು ಶಾಂತಿಯ ಸಂದೇಶ ತಯಾರಿಸಿ" ಅಂತ ಕೋಶಗಳಿಗೆ ಸೂಚನೆಯನ್ನೂ ಕೊಡುತ್ತದೆ. ಆಗ ಅರಾಕಿಡೋನಿಕ್ ಆಮ್ಲದಿಂದಲೇ ಲಿಪಾಕ್ಸಿನ್ ಎಂಬ ಉರಿ ಇಳಿಸುವ ಸಂದೇಶ ಹುಟ್ಟುತ್ತದೆ. ಒಮೆಗಾ-3 ಕುಟುಂಬದ ಇಪಿಎ, ಡಿಎಚ್‌ಎಗಳಿಂದ ರಿಸಾಲ್ವಿನ್ ಎಂಬ ಗುಂಪು ಹುಟ್ಟುತ್ತದೆ. ಇವನ್ನು ಈ ಶತಮಾನದ ಆರಂಭದಲ್ಲಿ ಗುರುತಿಸಿದ್ದು ಚಾರ್ಲ್ಸ್ ಸೆರ್ಹಾನ್ ತಂಡ. ಹೊಸ ನ್ಯೂಟ್ರೋಫಿಲ್ ಬರುವುದನ್ನು ಇವು ನಿಲ್ಲಿಸುತ್ತವೆ. ಸತ್ತವನ್ನು ನುಂಗಿ ಜಾಗ ಚೊಕ್ಕ ಮಾಡಲು, ನುಂಗುವ ಬಿಳಿ ರಕ್ತಕಣಗಳಾದ ಮ್ಯಾಕ್ರೋಫೇಜ್‌ಗಳಿಗೆ ಹೇಳುತ್ತವೆ. ಉರಿಯೂತ ತಾನಾಗೇ ಆರುವುದಿಲ್ಲ, ಅದನ್ನು ಯಾರೋ ಆರಿಸಬೇಕು ಅನ್ನುವುದು ಗೊತ್ತಾದದ್ದು ಹೀಗೆ.

ಇದರಲ್ಲಿ ನಮ್ಮ ಅಡುಗೆಮನೆಗೆ ಬೇಕಾದ್ದು ಇಷ್ಟು. ಪೊರೆಯಲ್ಲಿ ಯಾವ ಕೊಬ್ಬು ಇದೆಯೋ ಕೂಗು ಅದರಿಂದಲೇ. ಪಾಶ್ಚಾತ್ಯ ಊಟ ಮಾಡುವವರ ಬಿಳಿ ರಕ್ತಕಣಗಳಲ್ಲಿ ಅಳೆದಾಗ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 20 ಅರಾಕಿಡೋನಿಕ್, ಇಪಿಎ ಶೇ. 1ಕ್ಕೂ ಕಡಿಮೆ. ಇಪಿಎ ಜಾಸ್ತಿಯಾದರೆ ಅದೂ ಅದೇ ಕಾಕ್ಸ್, ಲಾಕ್ಸ್ ಕಿಣ್ವಗಳ ಮುಂದೆ ಸಾಲಿನಲ್ಲಿ ನಿಲ್ಲುತ್ತದೆ. ಅದರಿಂದ ಹುಟ್ಟುವ ಲ್ಯೂಕೋಟ್ರೈನ್‌ನ ಕೂಗು ಹತ್ತು ಪಟ್ಟಿಗೂ ಜಾಸ್ತಿ ಮೆತ್ತಗೆ. ಹಾಗಾಗಿ ಮೇಜಿನ ಮೇಲಿನ ಒಂದೊಂದು ವಸ್ತುವಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ: ನೀನು ಪೊರೆಯವರೆಗೆ ತಲುಪುತ್ತೀಯಾ, ತಲುಪಿದರೆ ಎಷ್ಟು?

ಮೀನು: ಬೂತಾಯಿ ಮುಂದೆ, ಹೊಳೆಮೀನು ಹಿಂದೆ

ಚಿಕ್ಕಮ್ಮ ಮೀನು ತಿನ್ನುವವರು. ಅದಕ್ಕೇ ಇಲ್ಲಿಂದ ಶುರು. ಬೂತಾಯಿ, ಬಂಗುಡೆ ಎರಡೂ ಕೊಬ್ಬಿನ ಮೀನು. 100 ಗ್ರಾಂ ಮಾಂಸದಲ್ಲಿ ಇಪಿಎ, ಡಿಎಚ್‌ಎ ಸೇರಿ ಒಂದು ಗ್ರಾಂನ ಆಸುಪಾಸು ಸಿಗುತ್ತದೆ. ಮೀನು ದಪ್ಪವಾಗಿ ಕೊಬ್ಬಿದ್ದರೆ ಜಾಸ್ತಿ, ಒಣಕಲಾಗಿದ್ದರೆ ಕಡಿಮೆ. ಬೂತಾಯಿ ಸಾರಿನ ಮೇಲೆ ಎಣ್ಣೆ ತೇಲುತ್ತದಲ್ಲ, ಬೇಕಾದ ಮಾಲು ಅದೇ. ಚಿಕ್ಕಮ್ಮ ಇಷ್ಟು ವರ್ಷ ಅದನ್ನು ಸೌಟಿನಲ್ಲಿ ತೆಗೆದು ಚೆಲ್ಲುತ್ತಿದ್ದರಂತೆ!

ಸಾರು ಮೇಲು, ಫ್ರೈ ಅಷ್ಟಕ್ಕಷ್ಟೆ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದರೆ ಮೀನಿನ ಕೊಬ್ಬು ಒಂದಿಷ್ಟು ಬಾಣಲೆಗೆ ಹೋಗುತ್ತದೆ, ಬಾಣಲೆಯ ಎಣ್ಣೆ ಮೀನಿಗೆ ಬರುತ್ತದೆ. ತವಾದ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಕಾಯಿಸಿದರೆ ತೊಂದರೆ ಇಲ್ಲ.

ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಘಟ್ಟ ಹತ್ತಿ ಬರುವ ಮೀನು ಕಮ್ಮಿಯಾಗುತ್ತದೆ, ರೇಟು ಏರುತ್ತದೆ. ಅದೇ ಹೊತ್ತಿಗೆ ಮೊದಲ ಮಳೆಗೆ ಗದ್ದೆ, ಹಳ್ಳಗಳಲ್ಲಿ, ಹೊಳೆಯಿಂದ ಮೇಲೆ ಹತ್ತಿ ಬರುವ ಹತ್ತುಮೀನಿನ ಗಲಾಟೆ. ಬ್ಯಾಟರಿ ಹಿಡಿದು ರಾತ್ರಿಯೆಲ್ಲ ನೆನೆಯುವ ಸುಖಕ್ಕೆ ನಾನೂ ಅಡ್ಡ ಬರಲ್ಲ. ರುಚಿಗೆ, ಪ್ರೋಟೀನಿಗೆ ಒಳ್ಳೆಯದೇ. ಆದರೆ ಒಮೆಗಾ-3 ಲೆಕ್ಕದಲ್ಲಿ ಹೊಳೆಮೀನು ಸಾಮಾನ್ಯವಾಗಿ ಬೂತಾಯಿಯ ಹತ್ತಿರ ಬರುವುದಿಲ್ಲ. ಇಪಿಎ, ಡಿಎಚ್‌ಎ ಹುಟ್ಟುವುದು ಮೀನಿನಲ್ಲಲ್ಲ, ನೀರಿನ ಸೂಕ್ಷ್ಮ ಪಾಚಿಗಳಲ್ಲಿ. ಸಮುದ್ರದ ಪಾಚಿ ತಿಂದವನ್ನು ತಿಂದು ಬೂತಾಯಿ ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಮಾತ್ರೆ: ಮೊದಲು ಎಣಿಸಿ, ಆಮೇಲೆ ನುಂಗಿ

ನಾಲ್ಕು ಮಾತು ಜಾಸ್ತಿ ಹೇಳಬೇಕಾದ್ದು ಇಲ್ಲೇ. ಇದ್ದದ್ದರಲ್ಲಿ ನಿಜವಾದ ಪುರಾವೆ ಇರುವುದೂ, ನಿಜವಾದ ಮೋಸ ನಡೆಯುವುದೂ ಇದರಲ್ಲೇ.

ಡಬ್ಬಿಯ ಮುಂದೆ ದೊಡ್ಡದಾಗಿ 1000 ಮಿಲಿಗ್ರಾಂ ಅಂತ ಇತ್ತು. ಅದು ಎಣ್ಣೆಯ ತೂಕ. ಹಿಂದೆ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ, ಇಪಿಎ 180, ಡಿಎಚ್‌ಎ 120 ಅಂತ ಇತ್ತು. ಎರಡೂ ಸೇರಿ 300. ಮಾಮೂಲಿ ಮಾತ್ರೆಗಳೆಲ್ಲ ಹೀಗೇ.

ರುಮಟಾಯ್ಡ್ ಸಂಧಿವಾತದ ಪ್ರಯೋಗಗಳಲ್ಲಿ ಫಲ ಕಂಡದ್ದು ದಿನಕ್ಕೆ ಎರಡೂ ಸೇರಿ ಸುಮಾರು 2.7 ಗ್ರಾಂ ಅಥವಾ ಜಾಸ್ತಿ ಕೊಟ್ಟಾಗ. ಅದೂ ಮೂರು ತಿಂಗಳ ನಂತರ. ಭಾಗಾಕಾರ ಮಾಡಿ: ದಿನಕ್ಕೆ ಒಂಬತ್ತು ಮಾತ್ರೆ. ಚಿಕ್ಕಮ್ಮ ನುಂಗುತ್ತಿದ್ದದ್ದು ಒಂದು. ಒಂದು ಮಾತ್ರೆ ತಗೊಂಡು ನೋವು ಹೋಗಲಿಲ್ಲ ಅಂತ ಬೈಯುವುದೂ ತಪ್ಪು, ಹೋಯಿತು ಅಂತ ಹೊಗಳುವುದೂ ತಪ್ಪು.

ಮೂರು ತಿಂಗಳು ಯಾಕೆ? ನ್ಯೂಟ್ರೋಫಿಲ್ ರಕ್ತದಲ್ಲಿ ಹೆಚ್ಚು ದಿನ ಬದುಕುವ ಕೋಶವಲ್ಲ, ಮೂಳೆಯ ಮಜ್ಜೆಯಿಂದ ಹೊಸದು ಬರುತ್ತಲೇ ಇರುತ್ತದೆ. ಹೊಸ ಕೋಶ ಕಟ್ಟುವಾಗ ಕೈಗೆ ಸಿಕ್ಕ ಕೊಬ್ಬು ಪೊರೆಗೆ ಸೇರುತ್ತದೆ. ಪೊರೆಯ ಮಿಶ್ರಣ ಬದಲಾಗಲು ಕೆಲವು ವಾರ ಸಾಕು. ಕೀಲಿನಲ್ಲಿ ವರ್ಷಗಟ್ಟಲೆ ಹತ್ತಿದ ಬೆಂಕಿಗೆ ಅದಕ್ಕಿಂತ ಜಾಸ್ತಿ ಸಮಯ ಬೇಕು.

ಸಿಗುವ ಫಲ ಏನು? ಮುಟ್ಟಿದರೆ ನೋಯುವ ಕೀಲುಗಳು ಕಡಿಮೆಯಾಗುತ್ತವೆ, ಬೆಳಗಿನ ಬಿಗಿತದ ಹೊತ್ತು ಇಳಿಯುತ್ತದೆ, ನೋವಿನ ಮಾತ್ರೆ ಕಡಿಮೆ ಬೇಕಾಗುತ್ತದೆ. ಎಲ್ಲವೂ ಸ್ವಲ್ಪ ಸ್ವಲ್ಪ. ಮೂಳೆ ಸವೆಯದ ಹಾಗೆ ಕಾಪಾಡುವ ಕೆಲಸ ಮೆಥೊಟ್ರೆಕ್ಸೇಟ್‌ನದು. ಅದನ್ನು ಬಿಟ್ಟು ಮೀನೆಣ್ಣೆ ಹಿಡಿಯುವುದು ಅಂದರೆ ಛಾವಣಿ ಕಿತ್ತು ಕೊಡೆ ಹಿಡಿದ ಹಾಗೆ. ವಾರಕ್ಕೊಮ್ಮೆ ನುಂಗಬೇಕಾದ ಆ ಮಾತ್ರೆಯನ್ನು ದಿನಾ ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ. ಚಿಕ್ಕಮ್ಮನ ಮನೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕೆಂಪು ಗುಂಡು ಸುತ್ತಿ ಬಂದಿದ್ದೇನೆ.

ಒಂಬತ್ತು ಮಾತ್ರೆಯ ಪ್ರಮಾಣ ಸ್ವಂತ ಬುದ್ಧಿಯಿಂದ ಶುರು ಮಾಡುವ ವಿಷಯವಲ್ಲ. ಜಾಸ್ತಿ ಪ್ರಮಾಣದಲ್ಲಿ ಹೃದಯದ ಬಡಿತ ಏರುಪೇರಾಗುವ ಅಪಾಯ ಸ್ವಲ್ಪ ಏರುತ್ತದೆ ಅಂತ ದೊಡ್ಡ ಪ್ರಯೋಗಗಳಲ್ಲಿ ಕಂಡಿದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು. ಒಂಬತ್ತು ನುಂಗುವ ಕಷ್ಟ ಬೇಡ ಅಂದರೆ ಸಾಂದ್ರ ಮಾತ್ರೆಗಳಿವೆ, ಅದೇ ಗಾತ್ರದಲ್ಲಿ ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ. ಕಾಡ್ ಲಿವರ್ ಎಣ್ಣೆ ಮಾತ್ರ ಈ ಲೆಕ್ಕಕ್ಕೆ ಆಗದು. ಅದರಲ್ಲಿ ವಿಟಮಿನ್ ಎ ಇರುತ್ತದೆ. ಒಮೆಗಾ-3 ಸಾಲಲಿ ಅಂತ ಹತ್ತಾರು ನುಂಗಿದರೆ ವಿಟಮಿನ್ ಎ ಮಿತಿ ಮೀರುತ್ತದೆ.

ಇನ್ನು ಡಬ್ಬಿಯ ಕಥೆ. ಅದನ್ನು ಇಟ್ಟಿದ್ದದ್ದು ಬಚ್ಚಲ ಒಲೆಯ ಮೇಲಿನ ಗೂಡಿನಲ್ಲಿ, "ಮಳೆಗಾಲ, ಥಂಡಿ ಹಿಡಿಬಾರ್ದು" ಅಂತ. ಒಂದು ಮಾತ್ರೆಯನ್ನು ಪಿನ್ನಿನಿಂದ ಚುಚ್ಚಿ ಬಟ್ಟಲಿಗೆ ಹಿಂಡಿದೆ. ತಾಜಾ ಮೀನೆಣ್ಣೆಗೆ ತೆಳು ಮೀನಿನ ವಾಸನೆ ಇರಬೇಕು. ಇದು ಹಳೇ ಬಣ್ಣದ ಡಬ್ಬಿ ತೆರೆದ ಹಾಗೆ ಮೂಗಿಗೆ ಹೊಡೆಯಿತು. ನಾಲಿಗೆಗೆ ಮುಟ್ಟಿಸಿದೆ, ಗಂಟಲಲ್ಲಿ ಕೆರೆತ. ಬೆಕ್ಕು ಬಂದು ಮೂಸಿ ಮುಖ ತಿರುಗಿಸಿ ಹೋಯಿತು. ಒಮೆಗಾ-3 ಸರಪಳಿಯಲ್ಲಿ ಜೋಡಿಬಂಧಗಳು ಜಾಸ್ತಿ, ಹಾಗಾಗಿ ಶಾಖಕ್ಕೆ, ಗಾಳಿಗೆ ಬೇಗ ಕೆಡುತ್ತದೆ. ಒಲೆಯ ಬಿಸಿಯ ತಪ್ಪೆಷ್ಟು, ದಾರಿಯಲ್ಲಿ ಗೋಡೌನಿನಲ್ಲಿ ಬಿಸಿಲಲ್ಲಿ ಬಿದ್ದದ್ದೆಷ್ಟು, ಹೇಳಲಾಗದು. ಯಾವ ಕಂಪನಿಯದೇ ಇರಲಿ, ಹೊಸ ಡಬ್ಬಿ ತೆರೆದ ದಿನ ಒಂದನ್ನು ಚುಚ್ಚಿ ಮೂಸಿ ನೋಡಿ. ಆಮೇಲೆ ಡಬ್ಬಿ ಫ್ರಿಜ್ಜಿಗೆ.

ಇದೇ ಜಾತಿಯ ಇನ್ನೊಂದು ಮಾತು. ಅಮೆರಿಕದಲ್ಲಿ 25,871 ಜನರ ಮೇಲೆ ಸುಮಾರು ಐದು ವರ್ಷ ನಡೆದ ವೈಟಲ್ ಎಂಬ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ ತಗೊಂಡವರಲ್ಲಿ ರುಮಟಾಯ್ಡ್‌ನಂಥ ಸ್ವಯಂದಾಳಿ ಕಾಯಿಲೆಗಳು ಹೊಸದಾಗಿ ಬರುವುದು ಶೇ. 22 ಕಡಿಮೆಯಾಯಿತು. 1 ಗ್ರಾಂ ಮೀನೆಣ್ಣೆ ತಗೊಂಡವರಲ್ಲಿ ಶೇ. 15 ಕಡಿಮೆ ಕಂಡರೂ ಅದು ಆಕಸ್ಮಿಕವೂ ಇರಬಹುದಾದಷ್ಟೇ. ವಿಟಮಿನ್ ಡಿ ಕೂಡ ಕೊಬ್ಬಿನ ಬಳಗದ್ದೇ, ಕೊಲೆಸ್ಟರಾಲಿನ ತಂಗಿ ಅನ್ನಬಹುದು. ಬಿಳಿ ರಕ್ತಕಣಗಳಲ್ಲಿ ಅದಕ್ಕೆಂದೇ ಒಂದು ಗ್ರಾಹಕ, ಅಂದರೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನು, ಇದೆ. ಆದರೆ ಇದು ಕಾಯಿಲೆ ಬರುವ ಮುಂಚಿನ ಲೆಕ್ಕ, ಬಂದ ಮೇಲಿನದಲ್ಲ. ಆಗುಂಬೆ ಕಡೆ ಮೂರು ತಿಂಗಳು ಸೂರ್ಯನ ಮುಖವೇ ಕಾಣದ ನಮ್ಮಂಥವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ನಷ್ಟವಿಲ್ಲ.

ಅಗಸೆ: ಒಳ್ಳೆಯದು, ಆದರೆ ಮೀನಿನ ಬದಲಿ ಅಲ್ಲ

ಪಕ್ಕದ ಮನೆಯವರು ಸಸ್ಯಾಹಾರಿಗಳು. "ಮೀನಿನಲ್ಲಿರೋದೆಲ್ಲ ಅಗಸೆಯಲ್ಲೂ ಇದೆ" ಅಂತ ಅವರ ವಾದ. ಅರ್ಧ ನಿಜ. ಅಗಸೆಯಲ್ಲಿ ಇರುವುದು ಎಎಲ್‌ಎ ಎಂಬ ಚಿಕ್ಕ ಸರಪಳಿಯ ಒಮೆಗಾ-3. ಎಣ್ಣೆಯ ಅರ್ಧಕ್ಕಿಂತ ಜಾಸ್ತಿ ಅದೇ. ಹತ್ತು ಗ್ರಾಂ ಬೀಜದಲ್ಲಿ ಎರಡು ಗ್ರಾಂ ಸಿಗುತ್ತದೆ. ಅದನ್ನು ಇಪಿಎ ಮಾಡಿಕೊಳ್ಳುವ ಕೆಲಸ ನಮ್ಮ ಪಿತ್ತಕೋಶದ ಪಕ್ಕದ ಯಕೃತ್ತಿನದು, ಮತ್ತು ಅದು ಈ ವಿಷಯದಲ್ಲಿ ಸೋಮಾರಿ. ನೂರರಲ್ಲಿ ಐದೋ ಎಂಟೋ ಇಪಿಎ ಆಗುತ್ತದೆ. ಡಿಎಚ್‌ಎ ಆಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹರೆಯದ ಹೆಣ್ಣುಮಕ್ಕಳಲ್ಲಿ ಗಂಡಸರಿಗಿಂತ ಸ್ವಲ್ಪ ಮೇಲು.

ಅಂದರೆ ಎರಡು ಗ್ರಾಂ ಎಎಲ್‌ಎ ತಿಂದರೆ ನೂರು, ನೂರೈವತ್ತು ಮಿಲಿಗ್ರಾಂ ಇಪಿಎ. ಒಂದು ತುಂಡು ಬೂತಾಯಿಗೂ ಸಮ ಇಲ್ಲ. ಹಾಗಂತ ಅಗಸೆ ಬಿಡಬೇಡಿ. ನಾರಿದೆ, ರುಚಿ ಇದೆ, ರೊಟ್ಟಿ ಜೊತೆ ಅಗಸೆ ಚಟ್ನಿಪುಡಿಗೆ ಸಾಟಿ ಇಲ್ಲ. ಹುರಿದು ಪುಡಿ ಮಾಡಿಯೇ ತಿನ್ನಿ, ಇಡೀ ಬೀಜ ನುಂಗಿದರೆ ಬಂದ ದಾರಿಯಲ್ಲೇ ಹೋಗುತ್ತದೆ. ವಾರಕ್ಕೆ ಆಗುವಷ್ಟೇ ಪುಡಿ ಮಾಡಿ. ಮೀನು ಮುಟ್ಟದೆ ಡಿಎಚ್‌ಎ ಬೇಕೇ ಬೇಕು ಅನ್ನುವವರಿಗೆ ಪಾಚಿಯಿಂದಲೇ ತೆಗೆದ ಎಣ್ಣೆಯ ಮಾತ್ರೆ ಸಿಗುತ್ತದೆ. ಮೀನನ್ನು ಮಧ್ಯದಿಂದ ತೆಗೆದು ನೇರ ಮೂಲಕ್ಕೆ ಹೋದ ಹಾಗೆ. ದುಬಾರಿ, ಆದರೆ ಲೆಕ್ಕ ಸರಿ ಇದೆ.

ಸೂರ್ಯಕಾಂತಿಯೋ ತೆಂಗೋ: ವಾಟ್ಸಾಪ್ ಜಗಳ

ಸೂರ್ಯಕಾಂತಿ ಎಣ್ಣೆಯಲ್ಲಿ ಒಮೆಗಾ-6 ಕುಟುಂಬದ ಲಿನೋಲಿಕ್ ಆಮ್ಲ ಶೇ. 60ರ ಸುತ್ತ. ಲಿನೋಲಿಕ್‌ನಿಂದ ಅರಾಕಿಡೋನಿಕ್, ಅರಾಕಿಡೋನಿಕ್‌ನಿಂದ ಉರಿಯೂತ. ಆದ್ದರಿಂದ ಸೂರ್ಯಕಾಂತಿ ವಿಷ. ಇದು ವಾಟ್ಸಾಪಿನ ವಾದ. ಕಾಗದದ ಮೇಲೆ ಚೆನ್ನಾಗಿದೆ, ನಾನೂ ಒಂದು ಕಾಲಕ್ಕೆ ನಂಬಿದ್ದೆ. ಮನುಷ್ಯರ ಮೇಲೆ ಪರೀಕ್ಷೆ ಮಾಡಿದಾಗ ಹಾಗಾಗಲಿಲ್ಲ. ಊಟದಲ್ಲಿ ಲಿನೋಲಿಕ್ ಏರಿಸಿದರೂ ರಕ್ತದ ಅರಾಕಿಡೋನಿಕ್ ಹೆಚ್ಚುಕಮ್ಮಿ ಅಲ್ಲೇ ನಿಂತಿತು. ಉರಿಯೂತದ ಗುರುತುಗಳೂ ಏರಲಿಲ್ಲ. ಅಗಸೆಯ ವಿಷಯದಲ್ಲಿ ಸೋಮಾರಿಯಾದ ಅದೇ ಕಿಣ್ವಗಳ ಸಾಲು ಇಲ್ಲೂ ಸೋಮಾರಿ. ಅಲ್ಲಿ ನಷ್ಟ, ಇಲ್ಲಿ ಲಾಭ.

ಲಿನೋಲಿಕ್ ಬೇಕೇ ಬೇಕು ಅನ್ನುವುದೂ ಹಳೇ ಸಂಗತಿ. 1929ರಲ್ಲಿ ಅಮೆರಿಕದ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಊಟ ಹಾಕಿದರು. ಚರ್ಮ ಹೊಪ್ಪಳಿಸಿ, ಬಾಲ ಹುಣ್ಣಾಗಿ, ಬೆಳವಣಿಗೆ ನಿಂತು ಇಲಿಗಳು ಸೊರಗಿದವು. ಲಿನೋಲಿಕ್ ಕೊಟ್ಟರೆ ಚೇತರಿಸಿಕೊಂಡವು.

ತೆಂಗಿನೆಣ್ಣೆಯ ವಕೀಲರು ಲಾರಿಕ್ ಆಮ್ಲದ ಹೆಸರು ಹೇಳುತ್ತಾರೆ. ತೆಂಗಿನೆಣ್ಣೆಯ ಅರ್ಧದಷ್ಟು ಅದೇ. ಅದರಿಂದ ಆಗುವ ಮೊನೋಲಾರಿನ್ ಪರೀಕ್ಷಾ ನಳಿಕೆಯಲ್ಲಿ ಕೆಲವು ವೈರಸ್‌ಗಳ ಕೊಬ್ಬಿನ ಹೊದಿಕೆಯನ್ನು ಕರಗಿಸುತ್ತದೆ, ನಿಜ. ಆ ಕೆಲಸವನ್ನು ಸೋಪೂ ಮಾಡುತ್ತದೆ. ಅದಕ್ಕೆ ಸೋಪು ನುಂಗುತ್ತೇವಾ? ತೆಂಗಿನೆಣ್ಣೆ ಕುಡಿದು ರಕ್ತದಲ್ಲಿರುವ ವೈರಸ್ ಕರಗಿತು ಅನ್ನುವುದಕ್ಕೆ ಆಧಾರ ಇಲ್ಲ.

ತೆಂಗಿನ ವಿರೋಧಿಗಳ ಕೈಯಲ್ಲೂ ಒಂದು ಬಾಣ ಇದೆ. ನಮ್ಮ ಮ್ಯಾಕ್ರೋಫೇಜ್‌ಗಳ ಮೇಲೆ ಟಿಎಲ್‌ಆರ್-4 ಎಂಬ ಕಾವಲುಗಣ್ಣು ಇದೆ. ಬ್ಯಾಕ್ಟೀರಿಯಾದ ಹೊರಗೋಡೆಯ ಲಿಪಿಡ್-ಎ ಎಂಬ ಕೊಬ್ಬನ್ನು ಅದು ಗುರುತಿಸುತ್ತದೆ. ಇದನ್ನು 1998ರಲ್ಲಿ ತೋರಿಸಿದ ಬ್ರೂಸ್ ಬ್ಯೂಟ್ಲರ್‌ಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆ ಲಿಪಿಡ್-ಎ ಬಾಲಗಳಲ್ಲಿ ಲಾರಿಕ್ ಆಮ್ಲವೂ ಇದೆ! ಹಾಗಾದರೆ ಲಾರಿಕ್‌ನಂಥ ಸ್ಯಾಚುರೇಟೆಡ್, ಅಂದರೆ ಜೋಡಿಬಂಧ ಇಲ್ಲದ, ಕೊಬ್ಬು ತಿಂದರೆ ಕಾವಲುಗಣ್ಣು ಅದನ್ನೇ ಬ್ಯಾಕ್ಟೀರಿಯಾ ಅಂತ ತಪ್ಪು ತಿಳಿಯುತ್ತದಾ? 2001ರ ಹೊತ್ತಿಗೆ ಪ್ರಯೋಗಾಲಯದ ಕೋಶಗಳಲ್ಲಿ ಹೌದು ಅನ್ನಿಸಿತು. ಆಮೇಲೆ ಪ್ರಯೋಗದ ದ್ರಾವಣದಲ್ಲೇ ಬ್ಯಾಕ್ಟೀರಿಯಾದ ಕೊಳೆ ಸೇರಿತ್ತಾ ಅಂತ ಅನುಮಾನ ಎದ್ದಿತು. 2018ರಲ್ಲಿ ಪಾಮಿಟಿಕ್ ಎಂಬ ಇನ್ನೊಂದು ಸ್ಯಾಚುರೇಟೆಡ್ ಆಮ್ಲ ನೇರವಾಗಿ ಆ ಕಾವಲುಗಣ್ಣಿಗೆ ಅಂಟುವುದಿಲ್ಲ, ಕೋಶದ ಒಳಗಿನ ವ್ಯವಹಾರ ಬದಲಿಸಿ ಸುತ್ತುದಾರಿಯಲ್ಲಿ ಉರಿ ಏರಿಸುತ್ತದೆ ಅಂತ ತೋರಿಸಿದರು. ಒಂದು ಒಗ್ಗರಣೆ ತೆಂಗಿನೆಣ್ಣೆಗೆ ಇಷ್ಟೆಲ್ಲ ಹೆದರಬೇಕಿಲ್ಲ.

ಹೆದರಬೇಕಾದ ಜಾಗ ಬೇರೆ. ತೆಂಗಿನೆಣ್ಣೆಯ ಶೇ. 90ರಷ್ಟು ಸ್ಯಾಚುರೇಟೆಡ್. ಅದು ಎಲ್‌ಡಿಎಲ್ ಕೊಲೆಸ್ಟರಾಲ್ ಏರಿಸುತ್ತದೆ. ಜಾಸ್ತಿಯಾದ ಎಲ್‌ಡಿಎಲ್ ರಕ್ತನಾಳದ ಗೋಡೆಗೆ ನುಗ್ಗಿ ಕೆಡುತ್ತದೆ, ಮ್ಯಾಕ್ರೋಫೇಜ್‌ಗಳು ಅದನ್ನು ಹೊಟ್ಟೆಬಿರಿ ನುಂಗಿ ನೊರೆಕೋಶಗಳಾಗಿ ಅಲ್ಲೇ ಕೂರುತ್ತವೆ. ಹೃದಯದ ನಾಳ ಕಟ್ಟಿಕೊಳ್ಳುವುದು ಹೀಗೆ. ಅದೂ ಒಂದು ಉರಿಯೂತವೇ. ರುಮಟಾಯ್ಡ್ ಇರುವವರಿಗೆ ಹೃದಯದ ಕಾಯಿಲೆಯ ಅಪಾಯ ಬೇರೆಯವರಿಗಿಂತ ಒಂದೂವರೆ ಪಟ್ಟು. ಹಾಗಾಗಿ ಚಿಕ್ಕಮ್ಮನಿಗೆ ನಾನು ಹೇಳಿದ್ದು: ಪತ್ರೊಡೆಗೆ ತೆಂಗಿನೆಣ್ಣೆ ಇರಲಿ, ಅದಿಲ್ಲದೆ ಪತ್ರೊಡೆ ಪತ್ರೊಡೆಯಲ್ಲ. ದಿನದ ಪಲ್ಯ, ಸಾರಿಗೆ ಶೇಂಗಾ ಎಣ್ಣೆ. ಕ್ಯಾನಿನ ಸೂರ್ಯಕಾಂತಿ ಮುಗಿಯುವವರೆಗೆ ಸುಮ್ನೆ ಬಳಸಿ. ಒಟ್ಟು ಎಣ್ಣೆ, ತುಪ್ಪ ಸೇರಿ ದಿನಕ್ಕೆ 27 ಗ್ರಾಂ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಟ್ಟೆಯ ಲೆಕ್ಕ, 2000 ಕ್ಯಾಲೊರಿಯ ಊಟಕ್ಕೆ. ಅಂದರೆ ಹೆಚ್ಚುಕಮ್ಮಿ ಆರು ಟೀ ಚಮಚ. ಹಲಸಿನ ಚಿಪ್ಸ್ ಕರಿಯುವ ದಿನ ಈ ಲೆಕ್ಕ ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು.

ತುಪ್ಪ, ಉಪ್ಪಾಗೆ, ಡಾಲ್ಡಾ

ತುಪ್ಪದ ಪರವಾಗಿ ಈಗ ಓಡಾಡುವ ಹೆಸರು ಬ್ಯುಟಿರಿಕ್ ಆಮ್ಲ. ತುಪ್ಪದಲ್ಲಿ ಅದು ಶೇ. 3–4 ಇದೆ. ದೊಡ್ಡ ಕರುಳಿನಲ್ಲಿ ಬ್ಯುಟಿರೇಟ್ (ಅದೇ ಆಮ್ಲದ ಇನ್ನೊಂದು ರೂಪ) ಇದ್ದರೆ ಟಿ-ರೆಗ್ ಎಂಬ ಕೋಶಗಳು ಹೆಚ್ಚುತ್ತವೆ, ಉಳಿದ ಕಾವಲುಗಾರರಿಗೆ "ಸುಮ್ನಿರ್ರಪ್ಪ" ಅನ್ನುವವರು ಇವರೇ. 2013ರಲ್ಲಿ ಇಲಿಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಆದರೆ ತುಪ್ಪದ ಬ್ಯುಟಿರೇಟ್ ದೊಡ್ಡ ಕರುಳು ಮುಟ್ಟುವ ಮೊದಲೇ ಮೇಲೇ ಹೀರಿಹೋಗುತ್ತದೆ. ಅಲ್ಲಿಗೆ ಬೇಕಾದದ್ದನ್ನು ಅಲ್ಲೇ ಇರುವ ಬ್ಯಾಕ್ಟೀರಿಯಾಗಳು ನಾರಿನಿಂದ ತಯಾರಿಸುತ್ತವೆ. ಹಾಗಾಗಿ ಬ್ಯುಟಿರೇಟ್ ಬೇಕಿದ್ದರೆ ತುಪ್ಪಕ್ಕಿಂತ ಬಾಳೆದಿಂಡಿನ ಪಲ್ಯ, ಹಲಸಿನ ಬೀಜದ ಸಾರು ಮೇಲು. ತುಪ್ಪ ರುಚಿಗೆ, ಒಂದು ಚಮಚ.

ಪಕ್ಕದ ಮನೆಯಲ್ಲಿ ಉಪ್ಪಾಗೆ ತುಪ್ಪವೂ ಇತ್ತು. ಕಾಡಿನ ಉಪ್ಪಾಗೆ ಬೀಜದಿಂದ ತೆಗೆದ, ಮೇಣದ ಹಾಗೆ ಗಟ್ಟಿಯಾದ ಕೊಬ್ಬು. ಮುರುಗಲ ಬೀಜದ್ದೂ ಇದೇ ಜಾತಿ. ಎರಡರಲ್ಲೂ ಸ್ಟಿಯರಿಕ್, ಓಲಿಯಿಕ್ ಆಮ್ಲಗಳೇ ಮುಖ್ಯ. ಸ್ಟಿಯರಿಕ್ ಸ್ಯಾಚುರೇಟೆಡ್ ಆದರೂ ಎಲ್‌ಡಿಎಲ್ ಅನ್ನು ತೆಂಗಿನಷ್ಟು ಏರಿಸುವುದಿಲ್ಲ. ದೋಸೆಗೆ ಹಾಕಿ, ಒಡೆದ ಹಿಮ್ಮಡಿಗೂ ಹಚ್ಚಿ.

ಡಾಲ್ಡಾ, ಅಂದರೆ ವನಸ್ಪತಿ, ಬೇಡ. ಎಣ್ಣೆಯನ್ನು ಹಾಗೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೂ ಕೆಟ್ಟದ್ದು, ಉರಿಯೂತದ ಗುರುತುಗಳನ್ನೂ ಏರಿಸುತ್ತದೆ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದು ಶೇ. 2 ಮೀರಬಾರದು ಅಂತ ನಿಯಮ ಇದೆ.

ಐದರಾಚೆ: ನೋವಿನ ಮಾತ್ರೆ

ಚಿಕ್ಕಮ್ಮ ಕೊನೆಗೆ ಕೇಳಿದ್ದು, "ಅಷ್ಟೆಲ್ಲ ಎಂತಕ್ಕೆ, ನೋವಿನ ಮಾತ್ರೆ ಒಂದು ನುಂಗಿದ್ರೆ ಆಗದಿಲ್ವ?" ಆಗುತ್ತದೆ, ಗಂಟೆಯೊಳಗೆ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳು ಕಾಕ್ಸ್ ಕಿಣ್ವಕ್ಕೇ ಬೀಗ ಹಾಕುತ್ತವೆ. ಕೂಗು ನಿಲ್ಲುತ್ತದೆ. ಆದರೆ ಹೊಟ್ಟೆಯ ಒಳಪದರ ಕಾಯುವ, ಮೂತ್ರಪಿಂಡಕ್ಕೆ ರಕ್ತ ಹರಿಸುವ ಪ್ರೊಸ್ಟಾಗ್ಲಾಂಡಿನ್‌ಗಳಿಗೂ ಅದೇ ಬೀಗ. ಮೆಥೊಟ್ರೆಕ್ಸೇಟ್ ನಡೆಯುತ್ತಿರುವಾಗ ಡಾಕ್ಟರಿಗೆ ಹೇಳದೆ ದಿನಾ ನುಂಗುವುದು ಬೇಡ. ಸ್ಟೀರಾಯ್ಡ್ ಇನ್ನೂ ಮೇಲಕ್ಕೆ ಹೋಗಿ, ಪೊರೆಯಿಂದ ಕೊಬ್ಬು ಕತ್ತರಿಸುವ ಹಂತವನ್ನೇ ಹಿಡಿಯುತ್ತದೆ. ಬಲ ಜಾಸ್ತಿ, ಬೆಲೆಯೂ ಜಾಸ್ತಿ: ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ಮಲೆನಾಡಿನವರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಇದೆ. ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಬೇಸಿಗೆಯಲ್ಲಿ ದರಗು (ಒಣ ಎಲೆ) ಗುಡಿಸಲು ಕಾಡಿಗೆ ಹೋದವರಿಗೆ ಉಣ್ಣೆ ಕಚ್ಚಿ ಬರುತ್ತದೆ. ಅದರಲ್ಲಿ ರಕ್ತಸ್ರಾವ ಆಗಬಹುದು, ಡೆಂಗಿಯಲ್ಲೂ ಆಗಬಹುದು. ರಕ್ತ ಹೆಪ್ಪುಗಟ್ಟಲು ಪ್ಲೇಟ್‌ಲೆಟ್‌ಗಳು ಹಾಕುವ ಕೂಗು ಥ್ರಾಂಬಾಕ್ಸೇನ್. ಅದೂ ಅರಾಕಿಡೋನಿಕ್‌ನಿಂದ, ಅದೇ ಕಾಕ್ಸ್ ದಾರಿಯಲ್ಲೇ ಹುಟ್ಟುವುದು. ಆಸ್ಪಿರಿನ್ ನುಂಗಿದರೆ ಪ್ಲೇಟ್‌ಲೆಟ್ ತನ್ನ ಆಯುಷ್ಯ ಮುಗಿಯುವವರೆಗೆ, ಅಂದರೆ ವಾರ ಹತ್ತು ದಿನ, ಬಾಯಿ ಕಟ್ಟಿಕೊಂಡಿರುತ್ತದೆ. ಹಾಗಾಗಿ ಯಾವ ಜ್ವರ ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಒಂದೇ. ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬೇಡಿ, ಆಸ್ಪತ್ರೆಗೆ ಹೋಗಿ. ಹೃದಯಕ್ಕೆ ಅಂತ ಡಾಕ್ಟರು ಬರೆದುಕೊಟ್ಟ ಆಸ್ಪಿರಿನ್ ದಿನಾ ತಗೊಳ್ಳುವವರು ಮಾತ್ರ ತಾವೇ ನಿಲ್ಲಿಸದೆ ಅಲ್ಲೇ ಕೇಳಿ.

ಕಡುಬು ಆರುವ ಹೊತ್ತಿಗೆ ಮೇಜು ಖಾಲಿಯಾಗಿತ್ತು. ಅಗಸೆ ಹುರಿಯಲು ಒಲೆ ಹತ್ತಿರ ಹೋಯಿತು. ಮುಂದಿನ ಸಲ ಶಿವಮೊಗ್ಗಕ್ಕೆ ತೋರಿಸಲು ಹೋದಾಗ ಸಾಂದ್ರ ಮಾತ್ರೆಯ ವಿಷಯ ಡಾಕ್ಟರನ್ನೇ ಕೇಳುವುದು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಚಿಕ್ಕಮ್ಮ ಅದನ್ನು ಕ್ಯಾಲೆಂಡರಿನ ಮೊಳೆಗೆ ಚುಚ್ಚಿದರು. ಕೆಟ್ಟ ಮಾತ್ರೆಗಳನ್ನು ಗುಂಡಿಗೆ ಸುರಿದು ಬಂದೆ. ಡಬ್ಬಿ ಮಾತ್ರ ಬಿಸಾಕಲು ಬಿಡಲಿಲ್ಲ. ತಿಂಗಳು ಬಿಟ್ಟು ಹೋದಾಗ ನೋಡಿದೆ, ತೊಳೆದು ಒಣಗಿಸಿ, ಬೀಜಕ್ಕೆ ಅಂತ ಸೌತೆ ಬೀಜ ತುಂಬಿ, ಬಚ್ಚಲ ಒಲೆಯ ಮೇಲಿನ ಅದೇ ಗೂಡಿನಲ್ಲಿ ಇಟ್ಟಿದ್ದರು.